ನಮಗೆ ಪಥ್ಯ, ಅವಕ್ಕೆ ವಿಷ

ಆಸ್ಟ್ರೇಲಿಯದ ಸಿಡ್ನಿಗೆ ಸೇರಿದ ಪ್ಯಾರಮಟ್ಟಾದಲ್ಲಿ ನದಿಯಿಂದ ಹೆಚ್ಚು ದೂರವಿಲ್ಲದ ಮಗನ ಮನೆಗೆ ನಾನು ಬಂದಿಳಿದ ಮೂರನೆಯ ದಿನವೋ ನಾಲ್ಕನೆಯ ದಿನವೋ, ಮಧ್ಯಾಹ್ನದ ಊಟ ಮುಗಿಸಿ, ತಟ್ಟೆಯಲ್ಲಿ ಉಳಿದಿದ್ದ ಒಂದು ತುತ್ತು ಹುಳಿಯನ್ನವನ್ನು, ಬುದ್ಧಿ ಬಂದಂದಿನಿಂದ ನಡೆದುಬಂದ ಅಭ್ಯಾಸದಂತೆ, ಹಿತ್ತಲ ಬಾಗಿಲಲ್ಲಿ ಬಾಲವಾಡಿಸುತ್ತ ಕುಳಿತಿದ್ದ ನಾಯಿಯ ಮುಂದೆ ಹಾಕಲು ಬಗ್ಗಿದೆನು; ಅಷ್ಟರಲ್ಲಿ ಒಳಗಿನಿಂದ ಓಡಿಬಂದ ಸೊಸೆ, “ಬೇಡ ಮಾವ, ಹಾಕಬೇಡಿ, ಅದರಲ್ಲಿ ಈರುಳ್ಳಿ ಇದೆ, ಹುಣಿಸೆಹುಳಿ ಬೇರೆ” ಎಂದು ತಟ್ಟೆಯನ್ನು ಮೆಲ್ಲನೆ ನನ್ನ ಕೈಯಿಂದ ತೆಗೆದುಕೊಂಡಳು. ನನಗೆ ಕೊಂಚ ಖೇದವಾಯಿತೆಂಬುದನ್ನು ಮುಚ್ಚಿಡಲಾರೆ. “ನಮ್ಮೂರಿನ ನಾಯಿಗಳೆಲ್ಲ ಮೂರು ತಲೆಮಾರಿನಿಂದ ಇದನ್ನೇ ತಿಂದು ಬದುಕಿದವಲ್ಲಮ್ಮ” ಎಂದೆ. ಅವಳು ವಾದಕ್ಕೆ ನಿಲ್ಲಲಿಲ್ಲ. “ಬದುಕಿದವು ಮಾವ. ಎಷ್ಟು ವರ್ಷ ಬದುಕಿದವು?” ಎಂದಷ್ಟೇ ಕೇಳಿ ಒಳಗೆ ಹೋದಳು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಬೀದಿಯ ನಾಯಿಗಳ ಆಯುಷ್ಯವನ್ನು ಎಣಿಸಿದವರಾರು? ಒಂದು ನಾಯಿ ನಾಲ್ಕನೆಯ ವರ್ಷದಲ್ಲಿ ಸೊರಗಿ ಸತ್ತರೆ ಅದರ ಜಾಗಕ್ಕೆ ಅದೇ ಬಣ್ಣದ ಇನ್ನೊಂದು ಬಂದು ಕೂರುತ್ತಿತ್ತು. ಕರಿಯನೆಂಬ ಹೆಸರು ಚಿರಂಜೀವಿಯಾಗಿದ್ದುದರಿಂದ ಕರಿಯನೂ ಚಿರಂಜೀವಿಯೆಂದೇ ನಾವು ತಿಳಿದಿದ್ದೆವು. ಅಂದು ಮೊದಲ್ಗೊಂಡು, ಈ ದೇಶದಲ್ಲಿ ಸಾಕುಪ್ರಾಣಿಗಳೂ ಹೊಲಮನೆಯ ಪಶುಗಳೂ ಯಾವುದರಿಂದ ವಿಷಕ್ಕೆ ಈಡಾಗುತ್ತವೆಂಬುದನ್ನು, ಅಲ್ಪಸ್ವಲ್ಪ ಓದಿಯೂ ಹೆಚ್ಚಾಗಿ ಬಲ್ಲವರನ್ನು ಕೇಳಿಯೂ ತಿಳಿಯಲೆತ್ನಿಸಿದೆನು. ಹಗೆತನದಿಂದ ವಿಷವಿಕ್ಕುವವರ ಕಥೆಗಳೇ ಬಹಳವಾಗಿ ಸಿಕ್ಕಾವೆಂದು ನಾನು ಎಣಿಸಿದ್ದೆ. ಸಿಕ್ಕಿದ್ದು ಬಹುಪಾಲು ಪ್ರೀತಿಯಿಂದಲೂ ಅಚ್ಚುಕಟ್ಟುತನದಿಂದಲೂ ವಿಷವಿಕ್ಕಿದವರ ಕಥೆಗಳು.

ಮೊದಲು ಈರುಳ್ಳಿಯ ವಿಚಾರ. ಈರುಳ್ಳಿ ಬೆಳ್ಳುಳ್ಳಿಗಳ ಘಾಟಿಗೆ ಕಾರಣವಾದ ಗಂಧಕದ ಸಂಯುಕ್ತಗಳು ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳೊಳಗಿನ ಹಿಮೋಗ್ಲೋಬಿನ್ನನ್ನು ಕೆಡಿಸಿ, ಕಣಗಳನ್ನು ಒಡೆದುಹಾಕುತ್ತವೆ. ಬೇಯಿಸಿದರೂ ಹುರಿದರೂ ಒಣಗಿಸಿ ಪುಡಿಮಾಡಿದರೂ ಆ ಗುಣ ನಾಶವಾಗದು. ನಾಯಿಗೆ ದೇಹತೂಕದ ಕಿಲೋ ಒಂದಕ್ಕೆ ಸುಮಾರು 15ರಿಂದ 30 ಗ್ರಾಂ ಈರುಳ್ಳಿ ಸಾಕು, ಬೆಕ್ಕಿಗಾದರೆ 5 ಗ್ರಾಂ ಸಾಕು, ರಕ್ತದಲ್ಲಿ ಗಣ್ಯವಾದ ಏರುಪೇರು ಕಾಣಿಸಿಕೊಳ್ಳಲು. ಈ ಲೆಕ್ಕದಲ್ಲಿ ನನ್ನ ಒಂದು ತುತ್ತು ಹುಳಿಯನ್ನದಿಂದ ಆ ದಷ್ಟಪುಷ್ಟ ಪ್ರಾಣಿಗೆ ಏನೂ ಆಗುತ್ತಿರಲಿಲ್ಲ. ಅದನ್ನು ಸೊಸೆಯೂ ಒಪ್ಪಿಕೊಂಡಳು. ಆದರೆ ದಿನದಿನವೂ ಬೀಳುವ ಸಣ್ಣ ಪ್ರಮಾಣವೂ ಕೂಡಿಕೊಂಡು ಅದೇ ಹಾನಿಯನ್ನು ಮಾಡಬಲ್ಲುದು, ಮತ್ತು ಆ ಹಾನಿ ತಿಂದಂದು ಕಾಣದೆ ಕೆಲವು ದಿನ ಕಳೆದ ಮೇಲೆ, ಒಸಡು ಬಿಳಿಚಿ ಮೂತ್ರ ಕೆಂಪಡರಿದಾಗ ಕಾಣುತ್ತದೆ. ನಮ್ಮ ಕರಿಯನ ಒಸಡನ್ನು ಬಿಡಿಸಿ ನೋಡಿದವರು ಯಾರೂ ಇರಲಿಲ್ಲವಾಗಿ, ಅವನಿಗೆ ರಕ್ತಹೀನತೆ ಎಂದೂ ಬರಲಿಲ್ಲ!

ಹುಣಿಸೆಹಣ್ಣಿನ ಮೇಲಣ ಆಪಾದನೆ ಇನ್ನೂ ಹೊಸದು. ದ್ರಾಕ್ಷಿಯನ್ನೂ ಒಣದ್ರಾಕ್ಷಿಯನ್ನೂ ತಿಂದ ಕೆಲವು ನಾಯಿಗಳ ಮೂತ್ರಪಿಂಡಗಳು ಹಠಾತ್ತಾಗಿ ಕೆಲಸ ನಿಲ್ಲಿಸುವುದನ್ನು ಪಶುವೈದ್ಯರು ಬಹುಕಾಲದಿಂದ ಕಂಡಿದ್ದರೂ, ಕಾರಣ ಹೊಳೆದಿರಲಿಲ್ಲ. ಒಂದು ನಾಯಿ ಗೊಂಚಲನ್ನೇ ನುಂಗಿ ನಿಶ್ಚಿಂತೆಯಿಂದಿದ್ದರೆ, ಇನ್ನೊಂದು ಹಿಡಿ ದ್ರಾಕ್ಷಿಗೆ ಮಡಿಯುತ್ತಿತ್ತು. ಹಣ್ಣಿನಿಂದ ಹಣ್ಣಿಗೆ ಪ್ರಮಾಣ ಬದಲಾಗುವ ಟಾರ್ಟಾರಿಕ್ ಆಮ್ಲವೇ ಇದರ ಮೂಲವಿರಬೇಕೆಂಬ ಊಹೆಯನ್ನು 2021ರಲ್ಲಿ ಅಮೆರಿಕದ ಪಶುವೈದ್ಯರು ಮುಂದಿಟ್ಟರು. ಆ ಆಮ್ಲ ಯಥೇಷ್ಟವಾಗಿ ತುಂಬಿರುವ ಪದಾರ್ಥವೆಂದರೆ ನಮ್ಮ ಹುಣಿಸೆ. ಹೀಗಾಗಿ ಶಾವಿಗೆ ಪಾಯಸದೊಳಗಿನ ದ್ರಾಕ್ಷಿ, ಕೇಸರಿಬಾತಿನ ದ್ರಾಕ್ಷಿ, ಪುಳಿಯೋಗರೆಯ ಗೊಜ್ಜು ಇವೆಲ್ಲ, ಹಬ್ಬದ ದಿನ ಮಕ್ಕಳ ಎಲೆಯಿಂದ ನೆಲಕ್ಕೆ ಜಾರುವ ಅಮೃತಗಳೆಲ್ಲ, ವೆಂಟ್‌ವರ್ತ್‌ವಿಲ್ಲಿನಿಂದ ಹ್ಯಾರಿಸ್ ಪಾರ್ಕಿನವರೆಗಿನ ನಮ್ಮವರ ಮನೆಗಳಲ್ಲಿ ಎಚ್ಚರಿಕೆಯ ಪದಾರ್ಥಗಳಾಗಿವೆ.

ಚಾಕೊಲೇಟಿನ ವಿಷಯವನ್ನು ಇಲ್ಲಿನ ಶಾಲೆಯ ಮಗುವೂ ಬಲ್ಲುದಾದ್ದರಿಂದ ವಿಸ್ತರಿಸುವುದಿಲ್ಲ. ಅದರೊಳಗಿನ ಥಿಯೋಬ್ರೋಮಿನ್ನನ್ನು ನಾಯಿಯ ದೇಹ ನಮ್ಮಂತೆ ಬೇಗನೆ ಹೊರಹಾಕಲಾರದು, ಮತ್ತು ಹಾಲಿನ ಚಾಕೊಲೇಟಿಗಿಂತ ಅಡುಗೆಗೆ ಬಳಸುವ ಕಪ್ಪು ಚಾಕೊಲೇಟಿನಲ್ಲಿ ಅದು ಹಲವು ಪಟ್ಟು ಅಧಿಕ. ಹತ್ತು ಕಿಲೋ ತೂಗುವ ನಾಯಿಗೆ ಹಾಲಿನ ಚಾಕೊಲೇಟು ಸುಮಾರು 100 ಗ್ರಾಂ ತಿಂದರೆ ಹೊಟ್ಟೆ ಕೆಡುವ ಹಂತ ಬಂದರೆ, ಕಪ್ಪು ಚಾಕೊಲೇಟು ಇಪ್ಪತ್ತು ಗ್ರಾಮಿನೊಳಗೇ ಆ ಹಂತಕ್ಕೆ ತಲುಪಿಸುತ್ತದೆ. ಈ ದೇಶದ ಸ್ವಂತ ಸೊತ್ತಾದ ಮೆಕಡೇಮಿಯ ಬೀಜವನ್ನು ತಿಂದ ನಾಯಿಯೋ, ಹಿಂಗಾಲುಗಳ ಬಲವನ್ನು ಕಳೆದುಕೊಂಡು ಒಂದೆರಡು ದಿನ ಕುಡುಕನಂತೆ ತೂರಾಡಿ, ಪ್ರಾಯಶಃ ತಾನಾಗಿಯೇ ಸರಿಹೋಗುತ್ತದೆ. ಇದೇಕೆಂದು ಯಾರಿಗೂ ತಿಳಿದಿಲ್ಲ.

ಆದರೆ ನನ್ನನ್ನು ಹೆಚ್ಚು ವಿಸ್ಮಯಗೊಳಿಸಿದ್ದು ಬೆಕ್ಕು. ಜ್ವರ ಬಂದ ಮಗುವಿಗೆ ಕೊಡುವ ಪ್ಯಾರಸಿಟಮಾಲ್ ಮಾತ್ರೆ, ಇಲ್ಲಿನವರ ಪನಡಾಲ್, ನಮ್ಮವರ ಕ್ರೋಸಿನ್, 500 ಮಿಲಿಗ್ರಾಮಿನದು ಒಂದೇ ಒಂದು ಸಾಕು, ಒಂದು ಬೆಕ್ಕಿನ ಪ್ರಾಣವನ್ನು ತೆಗೆಯಲು. ನಮ್ಮ ಯಕೃತ್ತು ಇಂಥ ಔಷಧಗಳಿಗೆ ಒಂದು ಬಗೆಯ ಸಕ್ಕರೆಯ ಆಮ್ಲವನ್ನು ಅಂಟಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಮೂತ್ರದೊಡನೆ ಸಾಗಹಾಕುತ್ತದೆ. ಈ ಕೆಲಸಕ್ಕೆ ಬೇಕಾದ ಒಂದು ಮುಖ್ಯ ಕಿಣ್ವದ ವಂಶವಾಹಿ ಬೆಕ್ಕಿನ ಕುಲದಲ್ಲಿ, ಮನೆಯ ಬೆಕ್ಕಿನಿಂದ ಸಿಂಹದವರೆಗೂ, ಎಂದೋ ಮುರಿದುಬಿದ್ದಿದೆ. ಮಾಂಸವನ್ನೇ ತಿಂದು ಬದುಕುವ ಪ್ರಾಣಿಗೆ ಸೊಪ್ಪುಸದೆಗಳ ವಿಷವನ್ನು ಕಳೆಯುವ ಪ್ರಮೇಯವೇ ಬಾರದಿದ್ದುದರಿಂದ, ಉಪಯೋಗಿಸದ ಉಪಕರಣಕ್ಕೆ ತುಕ್ಕು ಹಿಡಿಯಿತೆಂದು ವಿದ್ವಾಂಸರ ಅಭಿಪ್ರಾಯ. ಪರಿಣಾಮವಾಗಿ ಮಾತ್ರೆ ತಿಂದ ಬೆಕ್ಕಿನ ರಕ್ತ ಪ್ರಾಣವಾಯುವನ್ನು ಹೊರಲಾರದೆ ಕಂದುಬಣ್ಣಕ್ಕೆ ತಿರುಗಿ, ಮುಖವೂ ಪಂಜಗಳೂ ಊದಿಕೊಂಡು, ಉಸಿರು ಕಟ್ಟುತ್ತದೆ. ನೋವಿನಿಂದ ನರಳುವ ಬೆಕ್ಕಿಗೆ ಕರುಣೆಯಿಂದ ಕಾಲು ಮಾತ್ರೆ ಕೊಟ್ಟವರೇ ಇಲ್ಲಿ ಅಪರಾಧಿಗಳು. ನಾಯಿಯ ಬೆನ್ನಿಗೆ ಚಿಗಟಕ್ಕೆಂದು ಬಿಡುವ ಪರ್ಮೆಥ್ರಿನ್ ಔಷಧವನ್ನು, ಎರಡೂ ನಾಲ್ಕು ಕಾಲಿನವೇ ತಾನೆ ಎಂದು ಬೆಕ್ಕಿಗೂ ಬಿಟ್ಟರೆ, ಅದು ಗಡಗಡನೆ ನಡುಗಿ ಸೆಳವಿಗೆ ತುತ್ತಾಗುವುದಕ್ಕೂ ಬೆಕ್ಕಿನ ಯಕೃತ್ತಿನ ಇಂಥದೇ ದೌರ್ಬಲ್ಯವನ್ನು ಕಾರಣವಾಗಿ ಹೇಳುತ್ತಾರೆ.

ಇದಕ್ಕಿಂತಲೂ ವಿಚಿತ್ರವಾದುದು ಲಿಲ್ಲಿ ಹೂವಿನ ಪ್ರಕರಣ. ಡಿಸೆಂಬರು ಬಂತೆಂದರೆ ಈ ಊರಿನ ಅಂಗಡಿಗಳ ಬಾಗಿಲಲ್ಲಿ ಬಕೆಟ್ಟುಗಳ ತುಂಬ ಬಿಳಿಯ ಕ್ರಿಸ್ಮಸ್ ಲಿಲ್ಲಿಗಳು ತಲೆಯೆತ್ತಿ ನಿಂತಿರುತ್ತವೆ; ಯಾರ ಮನೆಗೆ ಹೋಗುವುದಾದರೂ ಒಂದು ಕಟ್ಟು ಹಿಡಿದು ಹೋಗುವುದು ಇಲ್ಲಿನ ಸೌಜನ್ಯ. ಆ ಹೂವಿನ ಎಸಳು, ಎಲೆ, ಕಾಂಡ, ಕಡೆಗೆ ಮೇಜಿನ ಮೇಲೆ ಉದುರಿದ ಪರಾಗ, ಹೂದಾನಿಯ ನೀರು, ಇವುಗಳಲ್ಲಿ ಯಾವುದು ಬೆಕ್ಕಿನ ಬಾಯಿಗೆ ಹೋದರೂ, ಮೈಗೆ ಅಂಟಿದ ಪರಾಗವನ್ನು ನೆಕ್ಕಿಕೊಂಡರೂ, ಮೂರು ದಿನದೊಳಗಾಗಿ ಮೂತ್ರಪಿಂಡಗಳು ನಷ್ಟವಾಗಬಹುದು. ಅದೇ ಹೂವನ್ನು ನಾಯಿ ತಿಂದರೆ ಹೊಟ್ಟೆ ಕೆಟ್ಟು ಸರಿಹೋಗುತ್ತದೆ. ಯಾವ ದ್ರವ್ಯದಿಂದ ಬೆಕ್ಕಿಗೆ ಈ ವಿಪತ್ತೆಂಬುದು ಇಂದಿಗೂ ಗೊತ್ತಾಗಿಲ್ಲ. ಬೆಕ್ಕಿರುವ ಮನೆಗೆ ಲಿಲ್ಲಿ ಕೊಂಡೊಯ್ಯುವುದಕ್ಕಿಂತ ಬರಿಗೈಯಲ್ಲಿ ಹೋಗುವುದೇ ಮೇಲು. ಅತಿಯಾದರೆ ಅಮೃತವೂ ವಿಷವೆಂಬ ನಮ್ಮ ಗಾದೆ ಪ್ರಮಾಣದ ಮಾತನ್ನಷ್ಟೇ ಹೇಳಿತು. ಬೆಕ್ಕಿನ ಪಾಲಿಗೆ ಪರಾಗದ ಒಂದು ಚಿಟಿಕೆ ಅತಿಯೇ? ವಿಷವೆಂಬುದು ವಸ್ತುವಿನೊಳಗೆ ಕುಳಿತಿರುವ ಗುಣವೆನ್ನುವುದಕ್ಕಿಂತ, ವಸ್ತುವಿಗೂ ಅದನ್ನು ಅರಗಿಸುವ ಒಡಲಿಗೂ ನಡುವೆ ಇರುವ ಸಂಬಂಧವೆನ್ನುವುದು ಹೆಚ್ಚು ಸಮಂಜಸವೆಂದು ನನಗೆ ತೋರುತ್ತದೆ.

ಇನ್ನು ಹಿತ್ತಲಿಗೆ ಬಂದರೆ, ಅಲ್ಲಿ ಅಚ್ಚುಕಟ್ಟುತನದ ಕೈವಾಡ. ಬಸವನಹುಳುಗಳನ್ನು ಕೊಲ್ಲಲೆಂದು ಗಿಡದ ಬುಡದಲ್ಲಿ ಚೆಲ್ಲುವ ಗುಳಿಗೆಗಳನ್ನು, ಮೆಟಾಲ್ಡಿಹೈಡ್ ಇದ್ದರೆ ಹಸಿರು, ಮೆಥಿಯೊಕಾರ್ಬ್ ಇದ್ದರೆ ನೀಲಿ ಎಂಬಂತೆ ಬಣ್ಣಗಟ್ಟಿರುತ್ತಾರೆ. ತೌಡಿನಿಂದಲೋ ಧಾನ್ಯದಿಂದಲೋ ಮಾಡಿದ ಅವು ನಾಯಿಗೆ ಬಿಸ್ಕತ್ತಿನಂತೆ ರುಚಿಸಿ, ತಿಂದ ಒಂದೆರಡು ಗಂಟೆಯೊಳಗೆ ನಡುಕ ಹತ್ತಿ ಮೈ ಕಾದ ಹೆಂಚಿನಂತಾಗುತ್ತದೆ. ನೇರಳೆಯಾಗಿ ಅರಳಿ ಮರುದಿನ ತಿಳಿಯಾಗಿ ಕಡೆಗೆ ಬೆಳ್ಳಗಾಗುವ ಬ್ರನ್‌ಫೆಲ್ಸಿಯ ಗಿಡ, ನಿನ್ನೆ ಇಂದು ನಾಳೆ ಎಂಬ ಕಾವ್ಯಮಯವಾದ ಹೆಸರು ಹೊತ್ತು ಸಿಡ್ನಿಯ ಎಷ್ಟೋ ಮನೆಗಳ ಬೇಲಿಯಲ್ಲಿ ನಿಂತಿರುತ್ತದೆ; ಅದರ ಕಾಯಿಬೀಜಗಳನ್ನು ಕಡಿದ ನಾಯಿಗೆ ದಿನಗಟ್ಟಲೆ ಸೆಳವು ಬರುತ್ತದೆ. ನಮ್ಮ ಶಿವಪೂಜೆಯ ಕಣಗಿಲೆಯೂ ಇಲ್ಲಿ ಬೀದಿಬೀದಿಯಲ್ಲಿ ಉಂಟು. ಹಸಿಯೆಲೆಯ ಕಹಿಗೆ ಹಸುವೂ ಮೂತಿ ತಿರುಗಿಸುತ್ತದೆ, ಆದರೆ ಕತ್ತರಿಸಿ ರಾಶಿಹಾಕಿ ಒಣಗಿದ ಎಲೆಯನ್ನು ಹುಲ್ಲಿನೊಡನೆ ಬೆರೆತಾಗ ಅರಿಯದೆ ತಿಂದು, ಹೃದಯದ ಗತಿ ತಪ್ಪಿ ಬೀಳುತ್ತದೆ.

ಇಲಿಪಾಷಾಣದ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅದು ಹುಟ್ಟಿದ್ದು ಕೊಟ್ಟಿಗೆಯಲ್ಲಿ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರದ ಬಯಲುಗಳಲ್ಲಿ, ಬೂಷ್ಟು ಹಿಡಿದ ಸಿಹಿ ಕ್ಲೋವರ್ ಮೇವನ್ನು ತಿಂದ ದನಗಳು ಕೊಂಬು ಕತ್ತರಿಸಿದ ಗಾಯದಂಥ ಸಣ್ಣ ಗಾಯದಿಂದಲೂ ರಕ್ತ ಸೋರಿ ಸಾಯತೊಡಗಿದವು. ಕೇಡು ಮೇವಿನ ಬೂಷ್ಟಿನಲ್ಲಿದೆಯೆಂದು ತೋರಿಸಿಕೊಟ್ಟವನು ಫ್ರಾಂಕ್ ಸ್ಕೋಫೀಲ್ಡ್ ಎಂಬ ಪಶುವೈದ್ಯ. 1933ರ ಫೆಬ್ರವರಿಯ ಹಿಮಗಾಳಿಯಲ್ಲಿ ವಿಸ್ಕಾನ್ಸಿನ್ನಿನ ರೈತನೊಬ್ಬನು, ಸತ್ತ ಕಡಸನ್ನೂ, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತವನ್ನೂ, ಕೆಟ್ಟ ಮೇವನ್ನೂ ಗಾಡಿಯಲ್ಲಿ ಹೇರಿಕೊಂಡು ಸುಮಾರು 300 ಕಿಲೋಮೀಟರು ದಾಟಿ ಮ್ಯಾಡಿಸನ್ನಿನ ವಿಶ್ವವಿದ್ಯಾಲಯಕ್ಕೆ ಬಂದು, ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞನ ಮುಂದೆ ಇಳಿಸಿದನು. ಆರು ವರ್ಷಗಳ ಪರಿಶ್ರಮದ ಬಳಿಕ 1939ರಲ್ಲಿ ಆ ಪ್ರಯೋಗಶಾಲೆ ಮೇವಿನಿಂದ ಡೈಕೂಮರಾಲ್ ಎಂಬ ದ್ರವ್ಯವನ್ನು ಬೇರ್ಪಡಿಸಿತು. ಅದರ ಬಂಧುವಾದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದಿತು. ಮುಂದೆ ಅದೇ, ಹೃದಯಾಘಾತವಾದ ಅಧ್ಯಕ್ಷ ಐಸೆನ್‌ಹೋವರ್‌ಗೆ ಔಷಧವೂ ಆಯಿತು. ನನ್ನ ಮಾತ್ರೆಯ ಡಬ್ಬಿಯಲ್ಲಿಯೂ ಅದೊಂದು ಇದೆ, ಬೆಳಗಿನ ಕಾಫಿಯ ನಂತರ ನುಂಗುತ್ತೇನೆ. ದನವನ್ನು ಕೊಂದದ್ದು, ಇಲಿಯನ್ನು ಕೊಲ್ಲುವುದು, ನನ್ನನ್ನು ಉಳಿಸಿರುವುದು.

ವಾರ್ಫರಿನ್ನಿಗೆ ಇಲಿಗಳು ಒಗ್ಗಿಕೊಂಡ ಮೇಲೆ ಬಂದ ಬ್ರೊಡಿಫಾಕಮ್, ಬ್ರೊಮಾಡಿಯೊಲೋನ್ ಮುಂತಾದವು ಇನ್ನೂ ಉಗ್ರ, ದೇಹದಲ್ಲಿ ವಾರಗಟ್ಟಲೆ ನಿಲ್ಲತಕ್ಕವು. ನಾಯಿ ಅದನ್ನು ತಿಂದ ದಿನ ಏನೂ ಕಾಣದು, ಮರುದಿನವೂ ಕಾಣದು. ಮೂರು ನಾಲ್ಕು ದಿನ ಕಳೆದು, ತಿಂದದ್ದು ಮರೆತುಹೋದ ಮೇಲೆ, ಎದೆಯೊಳಗೋ ಹೊಟ್ಟೆಯೊಳಗೋ ರಕ್ತ ಸೋರತೊಡಗುತ್ತದೆ. ಕೆ1 ಜೀವಸತ್ವವನ್ನು ವಾರಗಟ್ಟಲೆ ಕೊಟ್ಟರೆ ಉಳಿಯುವುದುಂಟು. ಸತ್ತ ಇಲಿಯನ್ನು ತಿಂದ ಗೂಬೆಗೆ ಯಾರು ಕೊಡುತ್ತಾರೆ? 2021ರಲ್ಲಿ ಈ ನ್ಯೂ ಸೌತ್ ವೇಲ್ಸ್ ಸಂಸ್ಥಾನದ ಹೊಲಗಳನ್ನೂ ಕಣಜಗಳನ್ನೂ ಇಲಿಗಳ ದಂಡು ಮುತ್ತಿದಾಗ, ಸಂಸ್ಥಾನದ ಸರ್ಕಾರ ಬ್ರೊಮಾಡಿಯೊಲೋನನ್ನು ಹೊಲದಂಚುಗಳಲ್ಲಿ ಬಳಸಲು ಅನುಮತಿ ಬೇಡಿತು. ರಾಷ್ಟ್ರದ ಕೀಟನಾಶಕ ಪ್ರಾಧಿಕಾರ ಹಕ್ಕಿಪಕ್ಷಿಗಳ ಗತಿಯನ್ನು ನೆನೆದು ಒಪ್ಪಲಿಲ್ಲ. ಇಲಿಯಿಂದ ಬೆಳೆ ಕಳೆದುಕೊಂಡ ರೈತನ ಕೋಪವನ್ನು ನಾನು ಬಲ್ಲೆ, ಆದರೂ ಆ ನಿರಾಕರಣೆ ಸರಿಯಾದುದೆಂದೇ ನನ್ನ ಮತ.

ಹೊಲಮನೆಯ ಮಾತು ಬಂದಿತು. ಪ್ಯಾರಮಟ್ಟಾದಲ್ಲಿ ನಿಂತು ಈ ದೇಶದ ಪಶುಗಳ ಕಥೆಯನ್ನು ಹೇಳುವುದಕ್ಕೆ ಔಚಿತ್ಯವುಂಟು. 1788ರಲ್ಲಿ ವಸಾಹತು ಹೂಡಲು ಬಂದ ಮೊದಲ ಹಡಗುಪಡೆ ಕೇಪ್ ಪ್ರಾಂತದಿಂದ ತಂದ ಗೂಳಿಗಳೂ ಹಸುಗಳೂ ಕಾವಲುಗಾರನ ಕಣ್ಣು ತಪ್ಪಿಸಿ ಕಾಡು ಸೇರಿದವು. ಆಹಾರವಿಲ್ಲದೆ ತತ್ತರಿಸುತ್ತಿದ್ದ ವಸಾಹತಿಗೆ ಅದು ದೊಡ್ಡ ನಷ್ಟ. ಏಳು ವರ್ಷಗಳ ಮೇಲೆ, 1795ರಲ್ಲಿ, ನೇಪಿಯನ್ ನದಿಯ ಆಚೆಯ ಹುಲ್ಲುಗಾವಲಿನಲ್ಲಿ ಅವುಗಳ ಸಂತತಿ ದೊಡ್ಡ ಹಿಂಡಾಗಿ ಮೇಯುತ್ತಿರುವುದು ಪತ್ತೆಯಾಯಿತು. ಅವು ಓಡಿಹೋದ ದಿಕ್ಕು ಒಳ್ಳೆಯದಾಗಿತ್ತು. ಇದೇ ಖಂಡದ ಪಶ್ಚಿಮದ ಅಂಚಿಗೆ ದನಕುರಿಗಳನ್ನು ಒಯ್ದವರ ಅನುಭವ ಬೇರೆ: ಅಲ್ಲಿನ ಗ್ಯಾಸ್ಟ್ರೊಲೋಬಿಯಮ್ ಎಂಬ ಪೊದೆಗಳನ್ನು ಮೇಯ್ದ ಹಿಂಡುಗಳು ನಿಂತಲ್ಲೇ ಉರುಳಿದವು. ಆ ಪೊದೆಗಳೊಳಗಿನ ಫ್ಲೋರೊಅಸಿಟೇಟ್ ಜೀವಕೋಶ ತನ್ನ ಅನ್ನವನ್ನು ಶಕ್ತಿಯಾಗಿ ಉರಿಸುವ ಒಲೆಯನ್ನೇ ಆರಿಸಿಬಿಡುತ್ತದೆ. ಆ ಗಿಡಗಳ ನಡುವೆಯೇ ಸಾವಿರಾರು ವರ್ಷ ಬಾಳಿದ ಅಲ್ಲಿನ ಕಾಡುಪ್ರಾಣಿಗಳು ಅದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಹೊರಗಿನಿಂದ ಬಂದ ನರಿಗೂ ನಾಯಿಗೂ ಅದು ಯಮ. ಈ ಭೇದವನ್ನೇ ಹಿಡಿದು, ಅದೇ ದ್ರವ್ಯವನ್ನು ಹತ್ತು-ಎಂಬತ್ತು ಎಂಬ ಹೆಸರಿನಲ್ಲಿ ಮಾಂಸದ ತುಂಡಿಗೆ ಸೇರಿಸಿ ನರಿ ಕಾಡುನಾಯಿಗಳಿಗೆ ಒಡ್ಡುತ್ತಾರೆ. ಕುರಿ ಕಾಯುವ ತಮ್ಮ ನಾಯಿ ಅದನ್ನು ಮುಟ್ಟದಂತೆ ರೈತರು ಬಾಯಿಗೆ ಕುಕ್ಕೆ ಕಟ್ಟಿ ಕರೆದೊಯ್ಯುತ್ತಾರೆ. ಪ್ರತ್ಯೌಷಧವಿಲ್ಲ.

ಕುಕ್ ನಾಯಕನ ಹಡಗಿನವರೂ 1770ರಲ್ಲಿ ಉತ್ತರದ ಎಂಡೆವರ್ ನದಿಯ ಬಳಿ ಇದೇ ಪಾಠವನ್ನು ಕಲಿತಿದ್ದರು. ಅಲ್ಲಿಯ ಮೂಲನಿವಾಸಿಗಳು ಸೈಕಾಡ್ ಮರದ ಕಾಯಿಗಳನ್ನು ತಿನ್ನುವ ಕುರುಹುಗಳನ್ನು ಕಂಡು ತಾವೂ ತಿಂದು ವಾಂತಿಭೇದಿಗೆ ತುತ್ತಾದರು. ಹಡಗಿನ ಹಂದಿಗಳಿಗೆ ಹಾಕಲು, ಅವುಗಳಲ್ಲಿ ಕೆಲವು ಸತ್ತವು. ಕಾಯಿಗಳನ್ನು ನೀರಿನಲ್ಲಿ ದಿನಗಟ್ಟಲೆ ನೆನೆಸಿ ವಿಷವನ್ನು ಕಳೆಯುವ ವಿದ್ಯೆ ನೆಲದ ಮಕ್ಕಳಿಗೆ ಗೊತ್ತಿದ್ದುದು ನಾವಿಕರಿಗೆ ಕಾಣಿಸಿರಲಿಲ್ಲ. ಆ ಮರದ ಬಂಧುಗಳನ್ನೇ ಈಗ ಕುಂಡದಲ್ಲಿ ನೆಟ್ಟು ಮನೆಯ ಮುಂದೆ ಅಲಂಕಾರಕ್ಕಿಡುತ್ತಾರೆ.

ಎಲ್ಲ ವಿಷವೂ ಪರಕೀಯವಾಗಿ ಕಂಡಿತೆಂದಲ್ಲ. ಬಿಜಾಪುರ ಧಾರವಾಡ ಸೀಮೆಯ ಒಕ್ಕಲಿಗನು ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳಕ್ಕೂ, ಕೊಯ್ದ ಬುಡದಿಂದ ಚಿಗುರುವ ಕೂಳೆಗೂ ದನಗಳನ್ನು ಬಿಡದೆ ಅಟ್ಟುವುದೇಕೆಂಬುದನ್ನು ಬಲ್ಲವರು, ಈ ಸಂಸ್ಥಾನದ ಉತ್ತರದ ಜೋಳದ ಹೊಲಗಳಲ್ಲಿಯೂ ಅದೇ ಎಚ್ಚರಿಕೆಯನ್ನು ಕಾಣುವರು. ಎಳೆಯ ಜೋಳದ ಎಲೆಯಲ್ಲಿ ಸಯನೈಡು ಅಡಗಿರುತ್ತದೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಬಿಡಿಸಿ ಕೊಡುವುದರಿಂದ, ಕುದುರೆಗಿಂತ ಹಸುವಿಗೆ ಅಪಾಯ ಹೆಚ್ಚು. ಹಿಂದೆ ಫೋಟೋ ತೊಳೆಯಲು ಬಳಸುತ್ತಿದ್ದ ಹೈಪೊ, ಎಂದರೆ ಸೋಡಿಯಂ ಥಯೊಸಲ್ಫೇಟು, ಸಕಾಲಕ್ಕೆ ರಕ್ತಕ್ಕೆ ಸೇರಿದರೆ ಹಸು ಎದ್ದು ನಿಲ್ಲುವುದುಂಟು. ಲಂಟಾನವೂ ನಮ್ಮಿಬ್ಬರಿಗೂ ಸಮಾನವಾದ ಪೀಡೆ. 1809ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದದ ಗಿಡವಾಗಿ ಬಂದು ಬಂಡೀಪುರವನ್ನೂ ಮಲೆ ಮಹದೇಶ್ವರ ಬೆಟ್ಟವನ್ನೂ ನುಂಗಿದಂತೆಯೇ, ಇಲ್ಲಿಯೂ ಉದ್ಯಾನದಿಂದ ಹೊರಬಿದ್ದು ಪೂರ್ವ ಕರಾವಳಿಯ ಕಾಡಂಚನ್ನು ಆವರಿಸಿದೆ. ಬರಗಾಲದಲ್ಲಿ ಅದನ್ನು ಮೇಯ್ದ ದನದ ಯಕೃತ್ತು ಕೆಟ್ಟು, ಹುಲ್ಲಿನ ಹಸಿರಿನಿಂದಲೇ ಹುಟ್ಟಿದ ಒಂದು ಬಣ್ಣದ್ರವ್ಯ ಹೊರಹೋಗಲಾರದೆ ಚರ್ಮಕ್ಕೆ ಬಂದು, ಬಿಸಿಲು ಬಿದ್ದ ಬಿಳಿಯ ಮೈಯೂ ಮೂತಿಯೂ ಸುಟ್ಟಂತೆ ಸುಲಿಯುತ್ತವೆ.

ನೀರೂ ಕೊಲ್ಲುತ್ತದೆ. ನಿಂತ ನೀರಿನ ನೀಲಿಹಸಿರು ಪಾಚಿಯಿಂದ ಕುರಿ, ಕುದುರೆ, ನಾಯಿಗಳು ಸತ್ತುದನ್ನು ಶಾಸ್ತ್ರೀಯವಾಗಿ ಮೊದಲು ವರದಿಮಾಡಿದವನು ದಕ್ಷಿಣ ಆಸ್ಟ್ರೇಲಿಯದ ಅಲೆಗ್ಸಾಂಡ್ರಿನ ಸರೋವರವನ್ನು ಕಂಡು 1878ರಲ್ಲಿ ಬರೆದ ಜಾರ್ಜ್ ಫ್ರಾನ್ಸಿಸ್. 1991ರಲ್ಲಿ ಡಾರ್ಲಿಂಗ್ ನದಿ ಸಾವಿರ ಕಿಲೋಮೀಟರು ಉದ್ದಕ್ಕೆ ಹಸಿರುಗಟ್ಟಿ, ಸಂಸ್ಥಾನದಲ್ಲಿ ತುರ್ತುಸ್ಥಿತಿ ಸಾರಬೇಕಾಯಿತು. ಹೊಲದ ಮೂಲೆಯಲ್ಲಿ ಎಸೆದ ಹಳೆಯ ಟ್ರ್ಯಾಕ್ಟರಿನ ಬ್ಯಾಟರಿಯ ಸೀಸವನ್ನು ನೆಕ್ಕಿ ಕುರುಡಾಗಿ ಸಾಯುವ ಕರುಗಳ ಕಥೆಯಂತೂ ಎರಡೂ ದೇಶಗಳಲ್ಲಿ ಒಂದೇ.

ಇವೆಲ್ಲವನ್ನೂ ಮೀರಿಸಿ ನನ್ನ ಮನಸ್ಸಿನಲ್ಲಿ ನಿಂತುದು ವಿಕ್ಟೋರಿಯ ಸಂಸ್ಥಾನದ ಪ್ರಸಂಗ. 2021ರ ಚಳಿಗಾಲದಲ್ಲಿ, ಮೆಲ್ಬರ್ನಿನ ಪೂರ್ವಕ್ಕೆ ಗಿಪ್ಸ್‌ಲ್ಯಾಂಡಿನ ಬೈರ್ನ್ಸ್‌ಡೇಲ್ ಮೊದಲಾದ ಕಡೆ, ಆರೋಗ್ಯವಾಗಿದ್ದ ನಾಯಿಗಳು ಯಕೃತ್ತು ಕೆಟ್ಟು ಒಂದಾದ ಮೇಲೊಂದು ಬಿದ್ದು, ಇಪ್ಪತ್ತಕ್ಕೂ ಮಿಕ್ಕಿ ಸತ್ತವು. ಅವುಗಳ ಹೊಲ ಬೇರೆ, ಮನೆ ಬೇರೆ, ತಳಿ ಬೇರೆ. ಸಮಾನವಾಗಿದ್ದುದು ಹಸಿಯ ಮಾಂಸದ ಆಹಾರವೊಂದೇ. ಹುಡುಕುತ್ತ ಹೋದಾಗ, ಆ ಮಾಂಸದಲ್ಲಿ ಬಹುದೂರದ ಉತ್ತರ ಪ್ರಾಂತದಿಂದ ಬಂದ ಕುದುರೆಗಳದು ಬೆರೆತಿತ್ತೆಂದೂ, ಆ ಕುದುರೆಗಳು ಒಳನಾಡಿನ ಬಯಲಿನಲ್ಲಿ ನಮ್ಮ ನೀಲಿ ಗಿಡದ ದಾಯಾದಿಯಾದ ಒಂದು ಕಳೆಯನ್ನು ಮೇಯ್ದಿದ್ದವೆಂದೂ, ಆ ಕಳೆಯ ಇಂಡೋಸ್ಪಿಸಿನ್ ಎಂಬ ದ್ರವ್ಯ ಕುದುರೆಯ ಮಾಂಸಖಂಡದಲ್ಲಿ ತಂಗಿ ಉಳಿದು ನಾಯಿಗೆ ದಾಟಿತೆಂದೂ ತಿಳಿದುಬಂದಿತು. ಬೇಯಿಸಿದರೂ ಅದು ಸುಲಭವಾಗಿ ಹೋಗತಕ್ಕದ್ದಲ್ಲ. ಸಾವಿರಾರು ಕಿಲೋಮೀಟರು ದೂರದ ಮಣ್ಣಿನಲ್ಲಿ ಬೆಳೆದ ಒಂದು ಎಲೆ, ತಾನು ಎಂದೂ ಕಾಣದ ಊರಿನ ಅಡುಗೆಮನೆಯ ಬಟ್ಟಲಿಗೆ ಬಂದು ಮುಟ್ಟಿತು. ನಮ್ಮ ಮಲೆ ಮಹದೇಶ್ವರ ಬೆಟ್ಟದಲ್ಲಿ 2025ರ ಜೂನಿನಲ್ಲಿ ವಿಷ ಬೆರೆಸಿದ ಹಸುವಿನ ಕಳೇಬರವನ್ನು ತಿಂದು ತಾಯಿಹುಲಿಯೂ ನಾಲ್ಕು ಮರಿಗಳೂ ಸತ್ತ ಸುದ್ದಿಯನ್ನು ಓದಿದಾಗ ನನಗೆ ನೆನಪಾದದ್ದು ಈ ಕುದುರೆಗಳು. ಅಲ್ಲಿ ಕೈವಾಡವಿತ್ತು, ಇಲ್ಲಿ ಕೈವಾಡವಿರಲಿಲ್ಲ. ಒಡಲಿನಿಂದ ಒಡಲಿಗೆ ದಾಟುವ ವಿಷಕ್ಕೆ ಆ ವ್ಯತ್ಯಾಸ ತಿಳಿಯದು.

ಉಪಚಾರದ ಬಗ್ಗೆ ಒಂದು ಮಾತು. ವಿಷ ತಿಂದ ದನಕ್ಕೆ ಬಿದಿರಿನ ಗೊಟ್ಟದಲ್ಲಿ ಹುಣಿಸೆನೀರನ್ನೋ ಮಜ್ಜಿಗೆಯನ್ನೋ, ನಾಯಿಗೆ ಉಪ್ಪುನೀರನ್ನೋ ಬಾಯಿಗೆ ಸುರಿಯುವುದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಸೆಳವಿನಲ್ಲಿರುವ ಪ್ರಾಣಿಗೆ ಅದು ಶ್ವಾಸಕೋಶಕ್ಕೆ ಹೋಗಿ ಇನ್ನೊಂದು ಆಪತ್ತು, ಉಪ್ಪಂತೂ ತಾನೇ ಒಂದು ವಿಷ. ತಿಂದುದರ ಡಬ್ಬಿಯನ್ನೋ ಗಿಡದ ರೆಂಬೆಯನ್ನೋ ಕೈಯಲ್ಲಿ ಹಿಡಿದು, ಲಕ್ಷಣಗಳಿಗೆ ಕಾಯದೆ, ಪಶುವೈದ್ಯರಲ್ಲಿಗೆ ಓಡುವುದೊಂದೇ ದಾರಿ. ಮೊದಲ ಒಂದೆರಡು ಗಂಟೆಯೊಳಗಾದರೆ ವಾಂತಿ ಮಾಡಿಸಿ ಇದ್ದಿಲಪುಡಿ ಕುಡಿಸುವುದಕ್ಕೆ ಅವಕಾಶವಿರುತ್ತದೆ. ಈ ದೇಶದಲ್ಲಿ ಪ್ರಾಣಿಗಳ ವಿಷಬಾಧೆಗಾಗಿಯೇ ಒಂದು ದೂರವಾಣಿ ಸೇವೆಯುಂಟು, ಅನಿಮಲ್ ಪಾಯ್ಸನ್ಸ್ ಹೆಲ್ಪ್‌ಲೈನ್ ಎಂದು. ಅದರ ಸಂಖ್ಯೆಯನ್ನು ಸೊಸೆ ಫ್ರಿಜ್ಜಿನ ಬಾಗಿಲಿಗೆ, ಮೊಮ್ಮಗನ ಶಾಲೆಯ ವೇಳಾಪಟ್ಟಿಯ ಪಕ್ಕದಲ್ಲಿ ಅಂಟಿಸಿದ್ದಾಳೆ.

ನಾನೂ ಒಂದು ಏರ್ಪಾಡು ಮಾಡಿಕೊಂಡಿದ್ದೇನೆ. ಬೇಳೆ ಬೇಯುವಾಗಲೇ, ಹುಳಿ ಖಾರ ಈರುಳ್ಳಿ ಬೀಳುವುದಕ್ಕೆ ಮೊದಲು, ಒಂದು ಸೌಟು ಸಪ್ಪೆಯ ಬೇಳೆಯನ್ನೂ ಒಂದು ಹಿಡಿ ಅನ್ನವನ್ನೂ ಬೇಯಿಸಿದ ಕ್ಯಾರೆಟ್ಟನ್ನೂ ಬೇರೆ ತೆಗೆದಿಟ್ಟು, ಊಟವಾದ ಮೇಲೆ ಕಲಸಿ ಹಿತ್ತಲ ಬಾಗಿಲಲ್ಲಿ ಹಾಕುತ್ತೇನೆ. ನಾಯಿ ವಿನಯದಿಂದ ಮೂಸಿ ತಿನ್ನುತ್ತದೆ. ತಿನ್ನುತ್ತ ತಿನ್ನುತ್ತ, ಒಲೆಯ ಮೇಲಣ ಹುಳಿಯ ಪಾತ್ರೆಯ ಕಡೆಗೆ ಕಣ್ಣು ಹಾಯಿಸುತ್ತದೆ. ಆಮೇಲೆ ನನ್ನ ಕಡೆ ನೋಡುತ್ತದೆ. ನಾನು ಅಡುಗೆಮನೆಯ ಕಡೆ, ಸೊಸೆ ಇದ್ದಾಳೆಯೆ ಎಂದು ನೋಡುತ್ತೇನೆ. ಇದ್ದಾಳೆ.